18 ಅಡಿ ಅಗಲದ ಹಾಲ್‌ನಲ್ಲಿ ಆರ್ಟ್ ಗ್ಯಾಲರಿ: ಜನ ಎತ್ತ ನಡೆಯಬೇಕು, ಎಲ್ಲಿ ನಿಲ್ಲಬೇಕು?

ಮೇಷ್ಟ್ರ ಮಗಳು

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದಲ್ಲಿ ನಮ್ಮ ಮನೆಯ ಕೆಳಗಿನ ಮಹಡಿ ಖಾಲಿಯಾಗಿದೆ. ಬಾಡಿಗೆಗಿದ್ದ ಟೈಲರ್ ಬಿಟ್ಟು ಹೋದರು. ನಮ್ಮ ಅಪ್ಪ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಅವರ ಜಲವರ್ಣ ಚಿತ್ರಗಳೇ ನಲವತ್ತರ ಮೇಲಿವೆ, ಏಳೆಂಟು ತೈಲಚಿತ್ರಗಳೂ ಇವೆ. ಅವನ್ನು ಹಾಕೋಣ, ಜೊತೆಗೆ ಹೊಸ ಹುಡುಗ ಹುಡುಗಿಯರ ಕೆಲಸಕ್ಕೂ ಜಾಗ ಕೊಡೋಣ ಅಂತ ನಾನೂ ತಮ್ಮನೂ ಮಾತಾಡಿಕೊಂಡಿದ್ದೇವೆ.

ಜಾಗ ಹೀಗಿದೆ. 30/40 ಸೈಟು, ಹಳೇ ಮನೆ. ಒಳಗಿನ ಗೋಡೆ ತೆಗೆದರೆ 18 ಅಡಿ ಅಗಲ, 34 ಅಡಿ ಉದ್ದದ ಒಂದೇ ಹಾಲ್. ಎತ್ತರ 10 ಅಡಿ. ಬಾಗಿಲಿಂದ 20 ಅಡಿಗೆ ಅಡ್ಡಲಾಗಿ ಒಂದು ಬೀಮ್ ಇಳಿದಿದೆ. ಬಾಗಿಲು ಪೂರ್ವಕ್ಕೆ, ರಸ್ತೆಗೆ ನೇರ. ಒಳಗೆ ಬರುವವರಿಗೆ ಅದು ಎಡ ಮೂಲೆ. ಹಿಂದೆ ಬಾಗಿಲಿಲ್ಲ.

ಆರ್ಕಿಟೆಕ್ಟ್ ಒಬ್ಬರು ಪ್ಲಾನ್ ಕೊಟ್ಟಿದ್ದಾರೆ. ಮೂರು ಅಡ್ಡಗೋಡೆ. ಒಂದು ಎಡಗಡೆಯಿಂದ, ಮುಂದಿನದು ಬಲಗಡೆಯಿಂದ, ಮತ್ತೊಂದು ಎಡಗಡೆಯಿಂದ. ಜನ ಅಂಕುಡೊಂಕಾಗಿ ಸುತ್ತಿ ಹಿಂದಿನ ಗೋಡೆ ತಲುಪಬೇಕು. ಅದಕ್ಕೆ ಅವರು 'ಜರ್ನಿ' ಅಂತಾರೆ. ತಮ್ಮನದು ಇನ್ನೊಂದು ಲೆಕ್ಕ: ಗೋಡೆ ಜಾಸ್ತಿಯಾದಷ್ಟೂ ಚಿತ್ರ ಜಾಸ್ತಿ. ನನಗೆ ಯಾಕೋ ಸರಿ ಕಾಣ್ತಿಲ್ಲ, ಆದರೆ ಎಲ್ಲಿ ತಪ್ಪು ಅಂತ ಬೆರಳಿಟ್ಟು ತೋರಿಸೋಕೆ ಬರ್ತಿಲ್ಲ. ತಿಳಿದವರು ಹೇಳಿ.

ಸುಮ್ನೆ ಓದೋನು

ತಮ್ಮನಿಗೆ ಹೇಳಿ, ಚಿತ್ರ ಪೇರಿಸಿಡೋಕೆ ಗೋದಾಮು ಸಾಕು, ಗ್ಯಾಲರಿ ಬೇಡ ಅಂತ.

ರೇಖೆ ರಮೇಶ

ನಾನೂ ನಕ್ಷೆ ಹಾಕುವವನೇ. ಆ ಆರ್ಕಿಟೆಕ್ಟ್ ಯಾರೋ ಗೊತ್ತಿಲ್ಲ, ಅವರ ಮೇಲೆ ಕೋಪ ಇಲ್ಲ. ಆದರೆ ಈ ಪ್ಲಾನ್ ನಡೆಯಲ್ಲ. ಯಾಕೆ ಅಂತ ಹೇಳ್ತೀನಿ.

34 ಅಡಿಯಲ್ಲಿ ಮೂರು ಅಡ್ಡಗೋಡೆ ಅಂದರೆ ನಾಲ್ಕು ಖಾನೆ. ಒಂದೊಂದು ಖಾನೆ 8 ಅಡಿ ಆಳ. ಎರಡೂ ಬದಿಯಲ್ಲಿ ಚಿತ್ರ ಹಾಕಿದರೆ ಎರಡು ಸಾಲು ಜನ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. 4 ಅಡಿ ಅಗಲದ ತೈಲಚಿತ್ರವನ್ನು ಸರಿಯಾಗಿ ನೋಡೋಕೆ ಕನಿಷ್ಠ 6ರಿಂದ 8 ಅಡಿ ಹಿಂದೆ ಸರಿಯಬೇಕು. ಅಷ್ಟು ಜಾಗ ಎಲ್ಲಿದೆ?

ಇನ್ನೊಂದು ದೊಡ್ಡ ಸಮಸ್ಯೆ. ಹಿಂದೆ ಬಾಗಿಲಿಲ್ಲ ಅಂದಿರಿ. ಅಂದರೆ ಅಂಕುಡೊಂಕಾಗಿ ಹೋದವರೆಲ್ಲ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಉದ್ಘಾಟನೆ ದಿನ ನಲವತ್ತು ಜನ ಬಂದರೆ ಹೋಗುವವರೂ ಬರುವವರೂ ಆ ಸಂದಿಗಳಲ್ಲಿ ಡಿಕ್ಕಿ ಹೊಡೀತಾರೆ. ನೋಡಿದ್ದನ್ನೇ ಮತ್ತೆ ನೋಡ್ತಾ ವಾಪಸ್ ಬರೋದು ಯಾವ ಜರ್ನಿ?

ಚಿಕ್ಕ ಗ್ಯಾಲರಿಯಲ್ಲಿ ಮೊದಲು ಎಳೆಯಬೇಕಾದ್ದು ಗೋಡೆಯ ಗೆರೆ ಅಲ್ಲ. ಜನ ಎಲ್ಲಿ ನಿಲ್ತಾರೆ, ಎಲ್ಲಿ ತಿರುಗ್ತಾರೆ, ಎಲ್ಲಿಂದ ಹೊರಗೆ ಹೋಗ್ತಾರೆ, ಆ ಗೆರೆ. ಗೋಡೆ ಆಮೇಲೆ ತಾನಾಗಿ ಬರತ್ತೆ.

ಮೇಷ್ಟ್ರ ಮಗಳು

ರಮೇಶ್ ಅವರೇ, ಇದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಹಾಗಾದರೆ ಒಂದೂ ಗೋಡೆ ಬೇಡ್ವಾ? ಬರೀ ಹಾಲ್ ಬಿಟ್ಟರೆ ಬಾಗಿಲಲ್ಲೇ ನಿಂತು ಎಲ್ಲ ನೋಡಿಬಿಟ್ಟು 'ಚೆನ್ನಾಗಿದೆ' ಅಂತ ಹೋಗಿಬಿಡ್ತಾರೆ ಅನ್ನೋ ಭಯ.

ಕುರ್ಚಿ ತಾತ

ಭಯ ಸರಿಯಾಗಿಯೇ ಇದೆ ಮಗಳೇ. ನಾನು ರಿಟೈರ್ ಆಗೋವರೆಗೂ ಒಂದು ಗ್ಯಾಲರಿಯಲ್ಲಿ ಮೂಲೆ ಕುರ್ಚಿಯಲ್ಲಿ ಕೂತು ಜನರನ್ನು ಕಾದವನು. ಚಿತ್ರಕ್ಕಿಂತ ಜನರನ್ನೇ ಜಾಸ್ತಿ ನೋಡಿದ್ದೇನೆ. ಕೆಲವು ಸಂಗತಿ ಹೇಳ್ತೀನಿ, ಬೇಕಾದ್ದು ತಗೊಳ್ಳಿ.

ಒಳಗೆ ಬಂದವರು ಬಾಗಿಲ ಹತ್ತಿರದ ಮೊದಲ ಚಿತ್ರ ನೋಡಲ್ಲ. ಬಿಸಿಲಿಂದ ಬಂದಿರ್ತಾರೆ, ಕಣ್ಣು ಹೊಂದಿಕೊಂಡಿರಲ್ಲ. ಚಪ್ಪಲಿ ಬಿಡಬೇಕಾ ಬೇಡ್ವಾ, ಟಿಕೆಟ್ ಉಂಟಾ, ಯಾರಾದರೂ ಬಂದು ಮಾತಾಡಿಸ್ತಾರಾ ಅಂತ ಯೋಚನೆಯಲ್ಲಿರ್ತಾರೆ. ನಾಲ್ಕು ಹೆಜ್ಜೆ ಒಳಗೆ ಬಂದಮೇಲೇ ತಲೆ ಎತ್ತೋದು. ಬಾಗಿಲಿಗೆ ಅಂಟಿಕೊಂಡ ಗೋಡೆಯಲ್ಲಿ ಒಳ್ಳೇ ಚಿತ್ರ ಹಾಕಿದರೆ ಅದು ದಂಡ.

ಚಿತ್ರದ ಮುಂದೆ ಬಂದು ಮೊದಲು ಲೇಬಲ್ ಓದ್ತಾರೆ. ಆಮೇಲೆ ಚಿತ್ರ. ಆಮೇಲೆ ಹಿಂದೆ ಹಿಂದೆ ಹೆಜ್ಜೆ ಇಡ್ತಾರೆ, ಹಿಂದೆ ಏನಿದೆ ಅಂತ ನೋಡೋದೇ ಇಲ್ಲ. ನಮ್ಮಲ್ಲಿ ನಡುವೆ ಒಂದು ಕಂಚಿನ ತಲೆ ಇಟ್ಟಿದ್ದರು, ಮರದ ಪೀಠದ ಮೇಲೆ. ತೈಲಚಿತ್ರ ನೋಡುವವರೆಲ್ಲ ಹಿಂದೆ ಸರಿದು ಸರಿದು ಅದಕ್ಕೇ ಒರಗೋರು. ಕೊನೆಗೆ ಪೀಠದ ಸುತ್ತ ಹಗ್ಗ ಕಟ್ಟಿದರು. ಆಗ ಹಗ್ಗ ಎಡವೋಕೆ ಶುರು ಮಾಡಿದರು.

ಕತ್ತಲ ಮೂಲೆಗೆ, ಹೊರದಾರಿ ಕಾಣದ ಕಡೆಗೆ ಜನ ಕಾಲಿಡಲ್ಲ. ಇಣುಕಿ ಹಿಂದಿರುಗ್ತಾರೆ. ಆ ಪ್ಲಾನಿನ ನಾಲ್ಕನೇ ಖಾನೆಗೆ ಅರ್ಧ ಜನವೂ ಬರಲ್ಲ, ಬರೆದಿಟ್ಟುಕೊಳ್ಳಿ.

ಇನ್ನು ಕೂರೋಕೆ ಜಾಗ ಇಡಿ. ಬೆಂಚು ಎದುರಿಗಿರೋ ಚಿತ್ರವನ್ನು ಎಲ್ಲರಿಗಿಂತ ಜಾಸ್ತಿ ಹೊತ್ತು ನೋಡ್ತಾರೆ. ಕಾಲು ನೋವಿಗೆ ಕೂತವರೂ ನೋಡ್ತಾರೆ, ಬೇರೆ ಏನು ಮಾಡ್ತಾರೆ?

ಅಂಕಿ ಅಂಶ

ತಾತ ಹೇಳಿದ್ದಕ್ಕೆ ಪುರಾವೆಯೂ ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ನಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಚಿತ್ರದ ಮುಂದೆ ಜನ ನಿಂತದ್ದು ಸರಾಸರಿ 27 ಸೆಕೆಂಡ್. ಅದರಲ್ಲೂ ಅರ್ಧದಷ್ಟು ಸಲ 17 ಸೆಕೆಂಡಿನೊಳಗೇ ಮುಗಿದಿತ್ತು, ಲೇಬಲ್ ಓದಿದ್ದೂ ಸೇರಿ. ಅಲ್ಲಿರೋದು ಜಗತ್ಪ್ರಸಿದ್ಧ ಚಿತ್ರಗಳು ಸ್ವಾಮಿ. ನಮ್ಮ ಗತಿ ಏನು?

ಎತ್ತ ತಿರುಗ್ತಾರೆ ಅನ್ನೋದನ್ನೂ ನೋಡಿದ್ದಾರೆ. ಅಮೆರಿಕದ ಆರ್ಥರ್ ಮೆಲ್ಟನ್ 1930ರ ದಶಕದಲ್ಲೇ ಮ್ಯೂಸಿಯಮ್ಮಿನ ಕೋಣೆಗಳಲ್ಲಿ ಜನರ ಓಡಾಟ ಗುರುತು ಹಾಕಿಕೊಂಡ. ಒಳಗೆ ಬಂದವರಲ್ಲಿ ಬಹುಪಾಲು ಜನ ಬಲಕ್ಕೆ ತಿರುಗಿದರು.

ಹಾಸನದ ಹುಡುಗ

ಅಮೆರಿಕಕ್ಕೆ ಯಾಕೆ ಹೋಗ್ತೀರಿ? ನಮ್ಮಲ್ಲಿ 900 ವರ್ಷದ ಹಿಂದೆಯೇ ಇದು ಗೊತ್ತಿತ್ತು. ಬೇಲೂರು, ಹಳೇಬೀಡು, ಸೋಮನಾಥಪುರ ನೋಡಿ. ಗುಡಿ ಸುತ್ತ ಜಗತಿ, ಅಂದರೆ ಎತ್ತರದ ಕಟ್ಟೆ. ಅದರ ಮೇಲೆ ಪ್ರದಕ್ಷಿಣೆ ಹಾಕ್ತಾ ಹೋದರೆ ಗೋಡೆಯಲ್ಲಿ ಕಥೆ ತಾನೇ ಬಿಚ್ಚಿಕೊಳ್ಳತ್ತೆ. ಸೋಮನಾಥಪುರದಲ್ಲಿ ರಾಮಾಯಣ, ಕೃಷ್ಣನ ಕಥೆ, ಮಹಾಭಾರತ ಎಲ್ಲ ಸುತ್ತುವ ದಾರಿಯಲ್ಲೇ ಸಾಲಾಗಿ ಸಿಗತ್ತೆ. ಗೋಡೆ ನೇರ ಇಲ್ಲ, ನಕ್ಷತ್ರದ ಆಕಾರದಲ್ಲಿ ಮಡಚಿ ಮಡಚಿ ಹೋಗತ್ತೆ. ಪ್ರತಿ ಮಡಿಕೆಗೂ ಒಂದು ಹೊಸ ಮೂರ್ತಿ ಎದುರಾಗತ್ತೆ. ನಿಂತು ನಿಂತು ಹೋಗಲೇಬೇಕು. ಮೇಷ್ಟ್ರ ಮಗಳೇ, ಪ್ರದಕ್ಷಿಣೆ ಮಾಡಿಸಿ, ಮುಗೀತು.

ನೇರಮಾತು

ಹುಡುಗಾ, ಒಂದು ನಿಮಿಷ. ಗುಡಿಯ ಹೊರಗೋಡೆ ನಿನ್ನ ಬಲಗಡೆ ಇರತ್ತೆ. ಗೋಡೆಗೆ ಮುಖ ಮಾಡಿ ನಿಂತರೆ ನೀನು ಸರಿಯೋದು ಎಡಕ್ಕೆ. ಕೋಣೆ ಒಳಗೆ ಪ್ರದಕ್ಷಿಣೆ ಬಂದರೆ ಗೋಡೆ ನಿನ್ನ ಎಡಗಡೆ, ಸರಿಯೋದು ಬಲಕ್ಕೆ. ಎರಡೂ ಒಂದೇ ಅಲ್ಲ, ಉಲ್ಟಾ.

ಹಾಸನದ ಹುಡುಗ

ತಲೆ ತಿರುಗ್ತಿದೆ. ಎದ್ದು ನಿಂತು ನಡೆದು ನೋಡಿದೆ. ಹೌದು, ಉಲ್ಟಾ. ಅದರಿಂದ ಏನಾಯ್ತು ಈಗ?

ನೇರಮಾತು

ಆಗೋದು ಇದೆ. ನಾವು ಕನ್ನಡ ಓದೋದು ಎಡದಿಂದ ಬಲಕ್ಕೆ. ಮೇಷ್ಟ್ರ ಚಿತ್ರಗಳನ್ನು ವರ್ಷದ ಪ್ರಕಾರ ಸಾಲಾಗಿ ಹಾಕಿದರು ಅನ್ನಿ. ಕೋಣೆಯಲ್ಲಿ ಪ್ರದಕ್ಷಿಣೆಯಾಗಿ ಬಂದರೆ ಓದುವ ದಿಕ್ಕೂ ನಡೆಯುವ ದಿಕ್ಕೂ ಒಂದೇ. ಆದರೆ ಅಂಕಿ ಅಂಶ ಹೇಳಿದ ಹಾಗೆ ಜನ ಒಳಗೆ ಬಂದು ಬಲಕ್ಕೆ ತಿರುಗಿದರೆ ಅದು ಅಪ್ರದಕ್ಷಿಣೆ. ಪ್ರತಿ ಚಿತ್ರಕ್ಕೂ ಅದರ ಬಲ ಅಂಚಿಂದ ಬರ್ತಾರೆ. 1990ರ ಚಿತ್ರ ಮೊದಲು, 1960ರದ್ದು ಕೊನೆಗೆ. ಮೇಷ್ಟ್ರು ದಿನೇ ದಿನೇ ಚಿಕ್ಕವರಾಗ್ತಾ ಹೋಗ್ತಾರೆ.

ಸುಮ್ನೆ ಓದೋನು

ಅದೂ ಒಂದು ಥರ ಚೆನ್ನಾಗೇ ಇರತ್ತಲ್ವಾ.

ರೇಖೆ ರಮೇಶ

ನೇರಮಾತು ಹೇಳಿದ್ದು ನೂರಕ್ಕೆ ನೂರು ಸರಿ, ತುಂಬ ಜನ ಗಮನಿಸಲ್ಲ. ಆದರೆ ಬಲಕ್ಕೆ ತಿರುಗೋದು ಬ್ರಹ್ಮಲಿಪಿ ಏನಲ್ಲ. ಬಾಗಿಲು ಎಲ್ಲಿದೆ, ಎದುರಿಗೆ ಏನು ಕಾಣತ್ತೆ, ಬೆಳಕು ಎಲ್ಲಿ ಜಾಸ್ತಿ, ಇವೇ ತೀರ್ಮಾನ ಮಾಡೋದು. ಇಲ್ಲಿ ಬಾಗಿಲು ಎಡ ಮೂಲೆಯಲ್ಲಿದೆ. ಜಾಗವೆಲ್ಲ ಬಲಕ್ಕೇ ತೆರೆದುಕೊಂಡಿದೆ. ಮೆಲ್ಟನ್ ಹೇಳದಿದ್ದರೂ ಜನ ಬಲಕ್ಕೇ ಹೋಗ್ತಾರೆ. ಅದರ ಜೊತೆ ಜಗಳ ಆಡಬೇಡಿ. ಸಾಲನ್ನೇ ಬಲಗೋಡೆಯಿಂದ ಶುರು ಮಾಡಿ, ಲೇಬಲ್‌ಗಳನ್ನು ಚಿತ್ರದ ಬಲಗಡೆ ಹಾಕಿ. ಬರುವವರಿಗೆ ಮೊದಲು ಸಿಗೋದು ಅದೇ.

ಈಗ ನನ್ನ ಸಲಹೆ. ಒಂದೇ ಒಂದು ಅಡ್ಡಗೋಡೆ, ಬೀಮಿನ ಕೆಳಗೆ. 8 ಅಡಿ ಅಗಲ, 8 ಅಡಿ ಎತ್ತರ. ಬೀಮಿಗೆ ತಾಗೋದು ಬೇಡ, ಮೇಲೆ ಸ್ವಲ್ಪ ಸಂದಿ ಬಿಡಿ. 8×4 ಪ್ಲೈವುಡ್ ಶೀಟ್ ಎರಡು ಪಕ್ಕಪಕ್ಕ ನಿಲ್ಲಿಸಿದರೆ ಒಂದು ಮುಖ ಆಯ್ತು, ಹಿಂದಿನ ಮುಖಕ್ಕೆ ಇನ್ನೆರಡು. ಕತ್ತರಿಸಿ ದಂಡ ಆಗಲ್ಲ. ನಡುವೆ ಮರದ ಫ್ರೇಮ್. ಎರಡೂ ಪಕ್ಕ 5 ಅಡಿ ದಾರಿ ಉಳಿಯತ್ತೆ.

ಇದರಿಂದ ಏನಾಗತ್ತೆ ನೋಡಿ. ರಸ್ತೆಯಿಂದಲೇ ಆ ಗೋಡೆ ಕಾಣತ್ತೆ. ಅದರ ಮೇಲೆ ದೊಡ್ಡ ತೈಲಚಿತ್ರ ಒಂದೇ ಹಾಕಿ. 20 ಅಡಿ ದೂರದಿಂದ ಕರೆಯೋದು ಅದರ ಕೆಲಸ. ಹತ್ತಿರ ಬಂದವರಿಗೆ ಆಚೆ ಏನೋ ಇದೆ ಅಂತ ಗೊತ್ತಾಗತ್ತೆ, ಎರಡೂ ಪಕ್ಕ ಬೆಳಕು ಕಾಣತ್ತೆ. ಒಂದು ಪಕ್ಕದಿಂದ ಹೋಗಿ ಇನ್ನೊಂದು ಪಕ್ಕದಿಂದ ಬರಬಹುದು. ತಾತ ಹೇಳಿದ ಕುರುಡು ಮೂಲೆ ಇಲ್ಲ. ಗೋಡೆಯ ಹಿಂಬದಿಯಲ್ಲಿ ಇನ್ನೊಂದು ಚಿತ್ರ. ಅದು ವಾಪಸ್ ತಿರುಗಿದಾಗ ಮಾತ್ರ ಕಾಣೋದು.

ಲೈಟ್ ಲೋಕೇಶ

ರಮೇಶಣ್ಣ, ಒಂದು ಮಾತು ಸೇರಿಸಿಕೊಳ್ಳಿ. ಆ ಗೋಡೆ ಬೆಳಕನ್ನೂ ತಡೆಯತ್ತೆ. ಬಾಗಿಲು ಪೂರ್ವಕ್ಕೆ ಇದೆ, ಬೆಳಗಿನ ಬಿಸಿಲು ಸೀದಾ ಒಳಗೆ ಬರತ್ತೆ. ಜಲವರ್ಣಕ್ಕೆ ಅದು ವಿಷ. ಕಾಗದದ ಮೇಲಿನ ಕೆಲಸಕ್ಕೆ 50 ಲಕ್ಸ್ (ಬೆಳಕು ಅಳೆಯುವ ಮಾನ) ಮೀರಬಾರದು ಅಂತಾರೆ, ತೈಲಚಿತ್ರಕ್ಕೆ 200ರವರೆಗೆ ನಡೆಯತ್ತೆ. ಹೊರಗಿನ ನೇರ ಬಿಸಿಲು ಲಕ್ಷ ಲಕ್ಸ್ ಹತ್ತಿರ. ಬಿಸಿಲಿಂದ ಬಂದವರನ್ನು ಒಂದೇ ಸಲ 50 ಲಕ್ಸ್ ಕೋಣೆಗೆ ನೂಕಿದರೆ 'ಇದೇನು ಕರೆಂಟ್ ಹೋಗಿದೆಯಾ' ಅಂತ ಕೇಳ್ತಾರೆ. ಮುಂದಿನ 20 ಅಡಿ ತೈಲಚಿತ್ರ, ಹೊಸಬರ ಕೆಲಸ, ಬೆಳಕು ಸ್ವಲ್ಪ ಜಾಸ್ತಿ. ಹಿಂದಿನ 14 ಅಡಿ ಜಲವರ್ಣ, ಬೆಳಕು ಮಂದ. ನಡೀತಾ ನಡೀತಾ ಕಣ್ಣು ಹೊಂದಿಕೊಳ್ಳತ್ತೆ.

ಟ್ರ್ಯಾಕ್ ಲೈಟ್ ಗೋಡೆಯಿಂದ 3 ಅಡಿ ಈಚೆ ಹಾಕಿ. 10 ಅಡಿ ಸೀಲಿಂಗ್, ಚಿತ್ರದ ನಡು 5 ಅಡಿ ಎತ್ತರ, ಆಗ ಬೆಳಕು ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳತ್ತೆ. ಇನ್ನೂ ಈಚೆ ತಂದರೆ ನೋಡುವವರ ತಲೆ ನೆರಳು ಚಿತ್ರದ ಮೇಲೆ, ಗೋಡೆ ಹತ್ತಿರ ಹಾಕಿದರೆ ಫ್ರೇಮಿನ ನೆರಳು. ಲೈಟ್ ತಗೊಳ್ಳುವಾಗ ಸಿಆರ್‌ಐ, ಅಂದರೆ ಬಣ್ಣ ಎಷ್ಟು ನಿಜವಾಗಿ ಕಾಣತ್ತೆ ಅನ್ನೋ ಅಳತೆ, 90ರ ಮೇಲಿದೆಯಾ ನೋಡಿ. ಅಗ್ಗದ ಲೈಟಿನಲ್ಲಿ ಕೆಂಪು ಬಣ್ಣ ಕಂದು ಆಗಿಬಿಡತ್ತೆ.

ಮೈಸೂರು ಮಲ್ಲಿಗೆ ಬಳ್ಳಿ

ಮಂದ ಬೆಳಕು ಅಂದಾಗ ನೆನಪಾಯ್ತು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ರವಿವರ್ಮನದ್ದು. ಅದನ್ನು ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಇಟ್ಟಿದ್ದರು. ಆ ಬೆರಳ ಸಂದಿಯಿಂದ ಬರೋ ಬೆಳಕು ನಿಜವಾದ ದೀಪದ್ದು ಅಂತ ಚಿಕ್ಕವಳಿದ್ದಾಗ ನಂಬಿದ್ದೆ. ಹಿಂದೆ ಬಲ್ಬ್ ಇಟ್ಟಿದ್ದಾರಾ ಅಂತ ಇಣುಕುವವರು ಎಷ್ಟೋ ಜನ.

ಪೆನ್ಸಿಲ್ ಪುಟ್ಟಣ್ಣ

ಅಮ್ಮಾ, ಅದು ರವಿವರ್ಮನದ್ದಲ್ಲ! ಎಸ್. ಎಲ್. ಹಲ್ದಣಕರ್ ಅವರದ್ದು. ಸಾವಂತವಾಡಿಯವರು. ದೀಪ ಹಿಡಿದು ನಿಂತದ್ದು ಅವರ ಮಗಳೇ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ 1940ರ ದಶಕದ್ದು. ಮೈಸೂರಿನವರೇ ಹೀಗೆ ಹೇಳಿದರೆ ಹೇಗೆ? ಇನ್ನೊಂದು, ಅದು ಜಲವರ್ಣ. ತೈಲ ಅಲ್ಲ.

ಮೈಸೂರು ಮಲ್ಲಿಗೆ ಬಳ್ಳಿ

ನಮ್ಮ ಮನೆಯಲ್ಲಿ ಕ್ಯಾಲೆಂಡರ್ ನೇತು ಹಾಕಿದ ಕಾಲದಿಂದ ಎಲ್ಲರೂ ರವಿವರ್ಮ ಅಂತಲೇ ಹೇಳ್ತಿದ್ದರು. ಇರಲಿ. ಆದರೆ ಕತ್ತಲ ಕೋಣೆ ವಿಷಯ ನಿಜ ತಾನೇ?

ಪೆನ್ಸಿಲ್ ಪುಟ್ಟಣ್ಣ

ನಿಜ. ಆ ಚಿತ್ರ ಇಷ್ಟು ಪ್ರಸಿದ್ಧ ಆಗಿದ್ದಕ್ಕೆ ಅದನ್ನು ನೋಡಿಸಿದ ರೀತಿಯೂ ಕಾರಣ ಅಂತ ನನ್ನ ಅಭಿಪ್ರಾಯ. ಅರಮನೆಯ ನೂರಾರು ವಸ್ತು ದಾಟಿ ಬಂದು, ಕತ್ತಲಿಗೆ ಕಾಲಿಟ್ಟು, ಒಂದೇ ಚಿತ್ರದ ಮುಂದೆ ನಿಲ್ಲೋದು. ಅದೇ ಚಿತ್ರ ಟ್ಯೂಬ್‌ಲೈಟ್ ಕೆಳಗೆ ಹನ್ನೆರಡು ಚಿತ್ರಗಳ ನಡುವೆ ಇದ್ದಿದ್ದರೆ 17 ಸೆಕೆಂಡಿನಲ್ಲಿ ಮುಂದೆ ಹೋಗ್ತಿದ್ದೆವು.

ಲಂಡನ್ ಲಕ್ಷ್ಮೀಶ

ತಮ್ಮನವರ ಪರವಾಗಿ ಮಾತಾಡುವವರು ಯಾರೂ ಇಲ್ಲ, ನಾನು ಮಾತಾಡ್ತೀನಿ. ಇಲ್ಲಿ ಸರ್ ಜಾನ್ ಸೋನ್ ಅನ್ನೋ ವಾಸ್ತುಶಿಲ್ಪಿಯ ಮನೆ ಮ್ಯೂಸಿಯಮ್ ಆಗಿದೆ. ಅದರಲ್ಲಿ 1824ರಲ್ಲಿ ಕಟ್ಟಿಸಿದ ಚಿತ್ರಗಳ ಕೋಣೆ. ನಮ್ಮೂರ ಬೆಡ್‌ರೂಮಿನಷ್ಟೇ ದೊಡ್ಡದು. ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರ! ಹೇಗೆ ಅಂದರೆ ಗೋಡೆಗಳೇ ಕೀಲಿನ ಮೇಲೆ ಬಾಗಿಲಿನ ಥರ ತೆರೆಯತ್ತೆ. ಒಂದು ಪದರ ತೆರೆದರೆ ಒಳಗೆ ಇನ್ನೊಂದು ಸಾಲು ಚಿತ್ರ. ಸಿಬ್ಬಂದಿ ಬಂದು ತೆರೆದಾಗ ಕೋಣೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸ್ತಾರೆ. ಇಲ್ಲಿ ನಡೆಯೋದು ಜನ ಅಲ್ಲ, ಗೋಡೆ.

ತಮ್ಮನಿಗೆ ಜಾಸ್ತಿ ಚಿತ್ರ ಬೇಕಿದ್ದರೆ ಹಿಂದಿನ ಗೋಡೆಗೆ ಅಂಥದ್ದೊಂದು ಪದರ ಮಾಡಿಸಬಹುದು.

ಬಡಗಿ ಬಸು

ಮಾಡಬಹುದ್ರೀ ಸರ. ಆದ್ರ ಕೀಲು ಜೋರದಾರ್ ಬೇಕು, ಗಾಜಿನ ಫ್ರೇಮ್ ಹತ್ತು ಹಾಕಿದ್ರ ಭಾಳ ತೂಕ ಆಗ್ತದ. ವರ್ಷ ಕಳದ್ರ ಬಾಗಿಲ ಜೋತ ಬೀಳ್ತದ. ಕೆಳಗ ಗಾಲಿ ಕೊಡಬೇಕು. ಗಾಲಿ ಕೊಟ್ರ ನೆಲದ ಮ್ಯಾಲ ಗೆರಿ ಬೀಳ್ತದ. ನೀವು ಹೇಳ್ರಿ, ಯಾವುದು ಬೇಕು.

ರೇಖೆ ರಮೇಶ

ಬಸು, ನೀವೇ ಈ ಚರ್ಚೆಯ ಬುದ್ಧಿವಂತರು.

ಲಕ್ಷ್ಮೀಶ್, ಸೋನ್ ಮನೆ ನನಗೂ ಇಷ್ಟ. ಆದರೆ ಅಲ್ಲಿ ತೆರೆಯೋಕೆ ಸಿಬ್ಬಂದಿ ಇದ್ದಾರೆ, ಇಲ್ಲಿ ಮೇಷ್ಟ್ರ ಮಗಳು ಒಬ್ಬರೇ. ಇದಕ್ಕಿಂತ ಸುಲಭದ್ದು ಇದೆ: ನಲವತ್ತೂ ಒಟ್ಟಿಗೆ ಹಾಕಬೇಡಿ. ಹನ್ನೆರಡೋ ಹದಿನಾಲ್ಕೋ ಹಾಕಿ, ಮೂರು ನಾಲ್ಕು ತಿಂಗಳಿಗೆ ಬದಲಿಸಿ. ಜಲವರ್ಣದ ಮೇಲೆ ಬಿದ್ದ ಬೆಳಕಿನ ಹಾನಿ ಕೂಡ್ತಾ ಹೋಗತ್ತೆ, ವಾಪಸ್ ಬರಲ್ಲ. ಚಿತ್ರಕ್ಕೆ ವಿಶ್ರಾಂತಿ ಬೇಕು. ನೋಡುವವರಿಗೂ ಮತ್ತೆ ಬರೋಕೆ ಕಾರಣ ಬೇಕು.

ಮತ್ತೆ, ಜಾಸ್ತಿ ಹಾಕುವ ಆಸೆಗೆ ಎರಡು ಸಾಲು ಮಾಡಬೇಡಿ. ಬಾಸ್ಟನ್ ಮ್ಯೂಸಿಯಮ್ಮಿನ ಬೆಂಜಮಿನ್ ಗಿಲ್ಮನ್ ಅನ್ನುವವನು 1916ರಲ್ಲೇ ಒಬ್ಬ ಮನುಷ್ಯನನ್ನು ನಿಲ್ಲಿಸಿ ಫೋಟೋ ತೆಗೆಸಿದ್ದ. ಪ್ರದರ್ಶನದ ಪೆಟ್ಟಿಗೆಗಳನ್ನು ನೋಡೋಕೆ ಆತ ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಕತ್ತು ಚಾಚಿ ಒದ್ದಾಡ್ತಾನೆ. ಗ್ಯಾಲರಿಯಲ್ಲಿ ಆಯಾಸ ಆಗೋದು ಕಾಲಿಗಷ್ಟೇ ಅಲ್ಲ, ಸೊಂಟಕ್ಕೂ ಕತ್ತಿಗೂ.

ಚಕ್ರದ ಮೇಲೆ

ಎಲ್ಲರೂ ನಿಂತವರ ಕಣ್ಣಿನ ಲೆಕ್ಕವೇ ಹೇಳ್ತಿದ್ದೀರಿ. ನಾನು ಗಾಲಿಕುರ್ಚಿ ಬಳಸುವವಳು. ಚಿತ್ರದ ನಡು 57, 60 ಇಂಚು ಎತ್ತರ ಅಂತ ನಿಯಮ ಹೇಳ್ತಾರಲ್ಲ, ಚಿಕ್ಕ ಜಲವರ್ಣ ಅಷ್ಟು ಎತ್ತರದಲ್ಲಿದ್ದರೆ ನನಗೆ ಕಾಣೋದು ಗಾಜಿನ ಮೇಲಿನ ಲೈಟಿನ ಹೊಳಪು ಮಾತ್ರ. ಹಿಂದಿನ ಭಾಗದಲ್ಲಿ ಚಿಕ್ಕ ಚಿತ್ರಗಳನ್ನು ನಾಲ್ಕೈದು ಇಂಚು ಇಳಿಸಿ. ನಿಂತವರಿಗೆ ಏನೂ ತೊಂದರೆ ಆಗಲ್ಲ. ಮಕ್ಕಳಿಗೂ ಅನುಕೂಲ.

5 ಅಡಿ ದಾರಿ ಇದ್ದರೆ ಕುರ್ಚಿ ಪೂರ್ತಿ ತಿರುಗತ್ತೆ. ಯಾರೋ ಬಂದು 'ಒಂದು ಕಡೆ 6, ಇನ್ನೊಂದು ಕಡೆ 4 ಮಾಡಿ, ಚೆಂದ ಕಾಣತ್ತೆ' ಅಂದರೆ ಕೇಳಬೇಡಿ. ಬಾಗಿಲಲ್ಲಿ ಮೆಟ್ಟಿಲಿದೆಯಾ?

ಮೇಷ್ಟ್ರ ಮಗಳು

ಇದೆ, ಒಂದೇ ಮೆಟ್ಟಿಲು. 6 ಇಂಚು.

ಚಕ್ರದ ಮೇಲೆ

1ಕ್ಕೆ 12ರ ಇಳಿಜಾರು ಅಂದರೆ 6 ಅಡಿ ರ‍್ಯಾಂಪ್. ನಿಮ್ಮ ಸೈಟಿನೊಳಗೇ ಬರಲಿ, ಫುಟ್‌ಪಾತ್ ಮೇಲೆ ಬೇಡ. ಅಲ್ಲಿ ಹೇಗೂ ಸ್ಕೂಟರ್ ನಿಂತಿರತ್ತೆ.

ನ್ಯೂಜೆರ್ಸಿ ನಾಣಿ

ರ‍್ಯಾಂಪ್ ಅಂದ್ರೆ ಗುಗೆನ್‌ಹೈಮ್! ನ್ಯೂಯಾರ್ಕಿನ ಮ್ಯೂಸಿಯಮ್, 1959ರಲ್ಲಿ ತೆರೆದ ಕಟ್ಟಡ, ಫ್ರಾಂಕ್ ಲಾಯ್ಡ್ ರೈಟ್ ಮಾಡಿದ್ದು. ಲಿಫ್ಟಿನಲ್ಲಿ ಮೇಲೆ ಹೋಗಿ ಸುತ್ತುತ್ತಾ ಇಳಿಯಬೇಕು ಅನ್ನೋದು ಅವನ ಯೋಚನೆ. ಒಂದೇ ದಾರಿ, ಗೊಂದಲವೇ ಇಲ್ಲ. ನಿಮ್ಮ ಹಾಲ್‌ನಲ್ಲೂ ಒಂದು ಚಿಕ್ಕ ರ‍್ಯಾಂಪ್ ಮಾಡಿ ಮೇಲಿಂದ ನೋಡೋ ಹಾಗೆ ಮಾಡಿದರೆ?

ನೇರಮಾತು

3 ಅಡಿ ಏರೋಕೆ 36 ಅಡಿ ರ‍್ಯಾಂಪ್ ಬೇಕು. ಹಾಲ್ ಇರೋದೇ 34. ರ‍್ಯಾಂಪ್ ಮುಗಿಯೋದು ಹಿಂದಿನ ಮನೆಯವರ ಅಡುಗೆಮನೆಯಲ್ಲಿ.

ಪೆನ್ಸಿಲ್ ಪುಟ್ಟಣ್ಣ

ಗುಗೆನ್‌ಹೈಮ್ ತೆರೆಯೋಕೆ ಮುಂಚೆಯೇ ಕಲಾವಿದರು ಸಹಿ ಹಾಕಿ ವಿರೋಧಿಸಿದ್ದರು. ನೆಲ ಇಳಿಜಾರು, ಗೋಡೆ ವಾಲಿಕೊಂಡಿದೆ, ಚಿತ್ರ ಹೇಗೆ ನೇರ ಹಾಕೋದು ಅಂತ. ನಡೆಯೋ ಸುಖ ಕಟ್ಟಡಕ್ಕೆ ಸಿಕ್ಕಿತು, ನಿಲ್ಲೋ ಸುಖ ಚಿತ್ರಕ್ಕೆ ಸಿಗಲಿಲ್ಲ.

ಉಡುಪಿ ಉಷಾ

ನಡುವೆ ಬಾಯಿ ಹಾಕ್ತೇನೆ. ಬೆಂಗಳೂರಿನವರಿಗೆ ಗೊತ್ತಾಗಲಿಕ್ಕಿಲ್ಲ, ನಮ್ಮ ಕಡೆ ಮಳೆಗಾಲದಲ್ಲಿ ಫ್ರೇಮಿನ ಹಿಂದೆ ಬೂಸ್ಟು ಬರ್ತದೆ. ನಿಮ್ಮ ಹಳೇ ಮನೆ ಗೋಡೆಯೂ ತೇವ ಹಿಡಿಯುವುದು ಉಂಟಾ ನೋಡಿ. ಚಿತ್ರ ಗೋಡೆಗೆ ಅಂಟಿಸಿ ಹಾಕಬೇಡಿ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಾಟ್ಲಿಯ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡ್ತದೆ.

ವಾಸ್ತು ವೆಂಕಟೇಶ್

ಟಾಯ್ಲೆಟ್ ಈಶಾನ್ಯದಲ್ಲಿ ಬೇಡ.

ಸುಮ್ನೆ ಓದೋನು

ಕಾಯ್ತಾ ಇದ್ದೆ, ಯಾವಾಗ ಬರ್ತೀರಿ ಅಂತ.

ಸಂತೆಗೆ ಬಂದವಳು

ನಾನು ಚಿತ್ರ ಬರೆಯುವವಳು. ಜನವರಿಯಲ್ಲಿ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಜಾಗ ಹಾಕ್ತೀನಿ. ಅಲ್ಲಿ ಜನ ನದಿಯಂತೆ ಹರೀತಾರೆ, ನಿಲ್ಲೋಕೆ ಹಿಂದಿನವರು ಬಿಡಲ್ಲ. ಆದರೂ ಎಲ್ಲೋ ಒಂದು ಮರದ ಬುಡವೋ ಕಾಂಪೌಂಡಿನ ತಿರುವೋ ಇದ್ದರೆ ಅಲ್ಲಿ ಜನ ಪಕ್ಕಕ್ಕೆ ಸರಿದು ನಿಲ್ತಾರೆ, ನೋಡ್ತಾರೆ, ಬೆಲೆ ಕೇಳ್ತಾರೆ. ಅಂಥ ಜಾಗಕ್ಕೇ ಎಲ್ಲರೂ ಕಣ್ಣಿಟ್ಟಿರ್ತೀವಿ. ಹೊಸಬರ ಪರವಾಗಿ ಒಂದು ಕೋರಿಕೆ: ಮುಂದಿನ ಹಾಲ್‌ನ ನಡುವೆ ಏನೂ ಇಡಬೇಡಿ. ಮೇಜು, ಹೂಕುಂಡ, ಕೌಂಟರ್ ಯಾವುದೂ ಬೇಡ. ಹಿಂದೆ ಸರಿದು ನೋಡೋ ಆ ಖಾಲಿ ನೆಲಾನೇ ನಮಗೆ ದೊಡ್ಡ ಉಪಕಾರ.

ಲೇಬಲ್ ಕನ್ನಡದಲ್ಲಿರಲಿ, ದೊಡ್ಡ ಅಕ್ಷರದಲ್ಲಿರಲಿ. ಬಗ್ಗಿ ಓದೋ ಹಾಗಾದರೆ ಓದುವವರ ತಲೆ ಚಿತ್ರಕ್ಕೆ ಅಡ್ಡ ಬರತ್ತೆ.

ಪೆನ್ಸಿಲ್ ಪುಟ್ಟಣ್ಣ

ಇನ್ನೊಂದು ಮಾತು. ಜಲವರ್ಣ ನೋಡುವ ದೂರವೇ ಬೇರೆ. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಚಿತ್ರಗಳನ್ನು ನೋಡಿದವರಿಗೆ ಗೊತ್ತು. ದೂರದಿಂದ ಬರೀ ಮಂಜು. ಮೂಗು ತಾಗುವಷ್ಟು ಹತ್ತಿರ ಹೋದರೆ ಮಂಜಿನೊಳಗೆ ಮರ, ಗುಡ್ಡದ ಅಂಚು ಕಾಣೋಕೆ ಶುರು. ತೈಲಚಿತ್ರಕ್ಕೆ ಹಿಂದೆ ಸರಿಯೋಕೆ ಜಾಗ ಬೇಕು, ಜಲವರ್ಣಕ್ಕೆ ಹತ್ತಿರ ನಿಲ್ಲೋಕೆ ಬಿಡುವು ಬೇಕು. ಲೋಕೇಶ್ ಹೇಳಿದ ಹಿಂದಿನ 14 ಅಡಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚಿತ್ರಗಳ ನಡುವೆ ಒಂದೂವರೆ ಅಡಿಯಾದರೂ ಬಿಡಿ. ಇಬ್ಬರು ಪಕ್ಕಪಕ್ಕ ನಿಂತರೂ ಭುಜ ತಾಗಬಾರದು.

ಕುರ್ಚಿ ತಾತ

ಕಟ್ಟೋಕೆ ಮುಂಚೆ ಒಂದು ಕೆಲಸ ಮಾಡಿ. ಬೀಮಿನ ಕೆಳಗೆ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಡಿ, 8 ಅಡಿ ಅಗಲಕ್ಕೆ. ಗೋಡೆಗೆ ಹಳೇ ಪೇಪರ್ ಹಾಳೆ ಅಂಟಿಸಿ, ಚಿತ್ರದ ಅಳತೆಗೆ. ಅಕ್ಕಪಕ್ಕದವರನ್ನು ಕಾಫಿಗೆ ಕರೀರಿ. ಏನೂ ಹೇಳಬೇಡಿ, ಮೂಲೆಯಲ್ಲಿ ಕೂತು ನೋಡಿ.

ಮೇಷ್ಟ್ರ ಮಗಳು

ಎಲ್ಲರಿಗೂ ಥ್ಯಾಂಕ್ಸ್. ತಾತ ಹೇಳಿದ ಹಾಗೆ ಭಾನುವಾರ ಮಾಡಿದೆವು. ಪೇಪರ್ ಬದಲು ಅಪ್ಪನ ಕೆಲವು ಚಿತ್ರಗಳ ಜೆರಾಕ್ಸ್ ಅಂಟಿಸಿದ್ದೆ.

ಬಂದವರು ಹೆಚ್ಚಿನವರು ಬಲಕ್ಕೇ ಹೋದರು. ಬಾಗಿಲ ಪಕ್ಕದ ಎಡಗೋಡೆಯನ್ನು ಒಳಗೆ ಬರುವಾಗ ಯಾರೂ ನೋಡಲಿಲ್ಲ, ಹೊರಗೆ ಹೋಗುವಾಗ ನೋಡಿದರು. ಅಲ್ಲಿ ಅಪ್ಪನ ಫೋಟೋ, ನಾಲ್ಕು ಸಾಲು ಪರಿಚಯ, ಸಹಿ ಪುಸ್ತಕ ಇಡೋದು ಅಂತ ತೀರ್ಮಾನ ಆಯ್ತು. ಎದುರುಮನೆ ಆಂಟಿ ಬೆಡ್‌ಶೀಟಿನ ಹಿಂದೆ ಹೋಗಿ ಬರಲೇ ಇಲ್ಲ. ಏನಾಯ್ತು ಅಂತ ನೋಡಿದರೆ ಸ್ಟೂಲ್ ಎಳಕೊಂಡು ಕೂತು, ಸಂಪಿಗೆ ರಸ್ತೆಯ ಚಿತ್ರದ ಜೆರಾಕ್ಸಿನಲ್ಲಿ ತಮ್ಮ ಹಳೇ ಮನೆ ಹುಡುಕ್ತಿದ್ದರು. ಬೆಂಚು ಅಲ್ಲೇ ಬರತ್ತೆ.

ತಮ್ಮ ಹಟ ಬಿಟ್ಟಿದ್ದಾನೆ, ಪೂರ್ತಿ ಅಲ್ಲ. ಅಡ್ಡಗೋಡೆಯ ಎರಡು ಅಂಚಿನಲ್ಲೂ ಚಿಕ್ಕ ಚಿತ್ರ ಹಾಕಬಹುದಲ್ಲ ಅಂತ ಕೇಳ್ತಿದ್ದಾನೆ.

ರೇಖೆ ರಮೇಶ

ಬೇಡ. ಎಲ್ಲರೂ ತಿರುಗೋ ಜಾಗ ಅದು. ಭುಜ ತಾಗಿ ಬೀಳತ್ತೆ. ಆರ್ಕಿಟೆಕ್ಟ್ ಏನಂದರು?

ಮೇಷ್ಟ್ರ ಮಗಳು

ಒಂದು ಗೋಡೆಗೆ ಒಪ್ಪಿದ್ದಾರೆ. ಆದರೆ ನೆಲಕ್ಕೆ ಹೊಳಪಿನ ವಿಟ್ರಿಫೈಡ್ ಟೈಲ್ಸ್ ಹಾಕೋಣ ಅಂತಿದ್ದಾರೆ. ಈಗಿರೋದು ಹಳೇ ರೆಡ್ ಆಕ್ಸೈಡ್, ಅಲ್ಲಲ್ಲಿ ಬಿರುಕು.

ಲೈಟ್ ಲೋಕೇಶ

ಹೊಳಪಿನ ಟೈಲ್ಸ್ ಹಾಕಿದರೆ ಪ್ರತಿ ಸ್ಪಾಟ್‌ಲೈಟೂ ನೆಲದಲ್ಲಿ ಎರಡನೇ ಸಲ ಕಾಣತ್ತೆ, ಅಲ್ಲಿಂದ ಫ್ರೇಮಿನ ಗಾಜಿಗೆ. ಕೆಂಪು ನೆಲಕ್ಕೆ ಬೆಳಕು ಬಿದ್ದರೆ ಬಿಳಿ ಗೋಡೆಯ ಕೆಳಭಾಗಕ್ಕೆ ಕೆಂಪು ಛಾಯೆ ಬರತ್ತೆ, ಅದೂ ನಿಜ.

ಮೈಸೂರು ಮಲ್ಲಿಗೆ ಬಳ್ಳಿ

ರೆಡ್ ಆಕ್ಸೈಡ್ ಕಿತ್ತರೆ ನಾನು ಬರೋದೇ ಇಲ್ಲ, ಈಗಲೇ ಹೇಳಿದ್ದೀನಿ.

ಲೈಟ್ ಲೋಕೇಶ

ಕೀಳಿ ಅಂತ ಹೇಳಿಲ್ಲಮ್ಮ! ಬಿರುಕು ತುಂಬಿಸಿ, ಪಾಲಿಶ್ ಮಾಡಿಸಬೇಡಿ, ಮ್ಯಾಟ್ ಆಗಿಯೇ ಇರಲಿ. ಜಲವರ್ಣದ ಭಾಗದಲ್ಲಿ ಮಾತ್ರ ಬೂದು ಬಣ್ಣದ ಜಮಖಾನ ಹಾಸಿ. ಕಾಲಿನ ಸದ್ದೂ ಕಡಿಮೆ ಆಗತ್ತೆ.

ಚಕ್ರದ ಮೇಲೆ

ಜಮಖಾನದ ಅಂಚು ನೆಲಕ್ಕೆ ಅಂಟಿಸಿ. ಗಾಲಿ ಸಿಕ್ಕಿಕೊಳ್ಳತ್ತೆ.

ಬಡಗಿ ಬಸು

ಅಕ್ಕಾರ, ಗೋಡಿ ಅಳತಿ ಕಳಸ್ರಿ. ಪ್ಲೈವುಡ್ 12 ಎಂಎಂ ಬ್ಯಾಡ, 18 ತಗೋರಿ, ಮೊಳಿ ಹಿಡೀತದ. ಬೀಮಿಗೆ ತಾಗಬಾರದು ಅಂದ್ರ ಕೆಳಗ ನೆಲಕ್ಕ ಬೋಲ್ಟ್ ಹಾಕಬೇಕಾಗ್ತದ, ಆಕ್ಸೈಡ್ ನೆಲಾ ಕೊರಿಬೇಕು. ಮಲ್ಲಿಗಿ ಅಕ್ಕಾರ್ನ ಒಮ್ಮೆ ಕೇಳ್ರಿ.